ಆಬ್ಜೆಕ್ಟ್ ಫೈಲಿನಲ್ಲಿ ಉಳಿದಿದ್ದ ಸ್ವರ

ಕೊರೊನಾ ಕಾಲ ಕಳೆದು ಎರಡು ವರ್ಷವಾಗಿತ್ತು. ನನಗೆ ಗಂಟಲಿನ ಕ್ಯಾನ್ಸರ್ ಆಗಿದೆ, ಸ್ವರಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ನಾವು ಉಡುಪಿ ಕಡೆಯವರು, ಇರುವುದು ಮುಂಬಯಿಯ ಸಯನ್‌ನಲ್ಲಿ. ನನ್ನವರು ಹೋಟೆಲೊಂದರಲ್ಲಿ ಮ್ಯಾನೇಜರ್. ನನ್ನ ತಮ್ಮ ದಿನೇಶನೂ ನಮ್ಮ ಜೊತೆಗೇ ಇದ್ದ. ಮಲಾಡ್‌ನ ಒಂದು ಆಫೀಸಿನಲ್ಲಿ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವುದು ಅವನ ಕೆಲಸ.

ಆಪರೇಷನ್ನಿಗೆ ಮೊದಲು ಅವನು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ಊಟಕ್ಕೆ ಬನ್ನಿ, ನೀರು ಬೇಕು, ಯಾರದು ಎಂದೆಲ್ಲ ಹೇಳಿಸಿ ರೆಕಾರ್ಡ್ ಮಾಡಿಕೊಂಡ. ನಾನು ಆಸ್ಪತ್ರೆಯಿಂದ ಬಂದಾಗ ಅಂಗೈಯಗಲದ ಒಂದು ಡಬ್ಬಿ ಕೊಟ್ಟ. ಬಟನ್ ಒತ್ತಿದರೆ ನನ್ನದೇ ಸ್ವರ ಕೇಳುತ್ತಿತ್ತು. ಬಾಗಿಲು ತಟ್ಟಿದವರಿಗೂ ಅದರಿಂದಲೇ ಉತ್ತರ ಕೊಡುತ್ತಿದ್ದೆ.

ಮರುವರ್ಷ ದಿನೇಶ ತೀರಿಕೊಂಡ. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಲೋಕಲ್ ರೈಲಿನಲ್ಲಿ ಎದೆ ಹಿಡಿದುಕೊಂಡು ಕುಸಿದನಂತೆ. ದಾದರ್ ಸ್ಟೇಷನ್ನಿನಲ್ಲಿ ಇಳಿಸುವಷ್ಟರಲ್ಲಿ ಜೀವ ಇರಲಿಲ್ಲ. ನನಗೆ ಅಳುವಾಗಲೂ ಶಬ್ದ ಬರುವುದಿಲ್ಲ. ಮಾತಾಡಿಸಲು ಬಂದವರು ಗಟ್ಟಿ ಹೆಂಗಸು ಅಂದುಕೊಂಡರೋ ಏನೋ.

ಅದೇ ಮಳೆಗಾಲದಲ್ಲಿ ಕೆಳಮಹಡಿಯ ನಮ್ಮ ಮನೆಗೆ ನೀರು ನುಗ್ಗಿ ಡಬ್ಬಿಯೂ ಹಾಳಾಯಿತು. ದಿನೇಶನ ಲ್ಯಾಪ್‌ಟಾಪನ್ನು ಆಫೀಸಿನವರು ವಾಪಸು ಪಡೆದು, ಅದರಲ್ಲಿದ್ದುದನ್ನೆಲ್ಲ ಅಳಿಸಿಯಾಗಿತ್ತು. ಉಳಿದದ್ದು ಅವನ ಒಂದು ಪೆನ್ ಡ್ರೈವ್, ಅದರಲ್ಲಿ ಒಂದೇ ಒಂದು ಫೈಲ್. ಎಷ್ಟು ಅಂಗಡಿಗೆ ಒಯ್ದರೂ ಅದು ತೆರೆಯಲಿಲ್ಲ.

ಕೊನೆಗೆ ನನ್ನವರು ದಿನೇಶನ ಜೊತೆ ಕೆಲಸ ಮಾಡುತ್ತಿದ್ದ ಪೂರ್ಣಿಮಾಳಿಗೆ ಫೋನ್ ಮಾಡಿದರು. ಅವಳ ತಂದೆ ತಾಯಿ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದು ವಿಲೆ ಪಾರ್ಲೆಯಲ್ಲಿ. ಕನ್ನಡ ತಡವರಿಸಿ ಮಾತಾಡುತ್ತಾಳೆ. ಭಾನುವಾರ ಬಂದು ಫೈಲನ್ನು ನೋಡಿದಳು.

"ದೀದಿ, ಇದು ಗಾನಾ ಥರ ಪ್ಲೇ ಆಗಲ್ಲ. ಆಬ್ಜೆಕ್ಟ್ ಫೈಲ್ ಇದು. ಕಂಪೈಲ್ ಆಗಿದೆ ನಾ, ಮಷೀನ್‌ಗೆ ಮಾತ್ರ ಅರ್ಥ ಆಗತ್ತೆ."

ದಿನೇಶ ಬರೆದ ಮೂಲ ಪ್ರೋಗ್ರಾಮ್ ಇನ್ನು ಸಿಗುವುದಿಲ್ಲ, ಆದರೆ ಇದು ಆ ಡಬ್ಬಿಗೆಂದು ಯಂತ್ರದ ಭಾಷೆಗೆ ಇಳಿಸಿದ್ದು, ನನ್ನ ಸ್ವರವನ್ನೂ ಅವನು ಇದರೊಳಗೇ ಸೇರಿಸಿರಬೇಕು ಎಂದಳು. ಇಂಥ ಫೈಲುಗಳನ್ನು ಓದಲೆಂದೇ ಒಂದು ಲೈಬ್ರರಿ ಇದೆಯಂತೆ. ಪುಸ್ತಕದ್ದಲ್ಲ, ಮೊದಲೇ ಬರೆದಿಟ್ಟ ಫಂಕ್ಷನ್‌ಗಳದ್ದು. ಒಂದು ಫಂಕ್ಷನ್ ಫೈಲನ್ನು ತೆರೆಯುತ್ತದೆ, ಇನ್ನೊಂದು ಅದು ಯಾವ ಜಾತಿಯದೆಂದು ಗುರುತಿಸುತ್ತದೆ, ಮತ್ತೊಂದು ಒಳಗಿನ ಭಾಗಗಳನ್ನು ಒಂದೊಂದಾಗಿ ಹೊರಗೆ ಕೊಡುತ್ತದೆ. ಅವನ್ನು ಬಳಸಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದಳು. ಆದರೆ ಫೈಲಿನ ಗುರುತು ಸಿಗುತ್ತಿಲ್ಲ ಎಂದೇ ಉತ್ತರ ಬಂತು. ನಾನು ಆಸೆ ಬಿಟ್ಟೆ. ಅವಳು ಬಿಡಲಿಲ್ಲ. ಡಬ್ಬಿಯೊಳಗಿನ ಚಿಪ್ ಬೇರೆ ಥರದ್ದು, ಅದನ್ನು ಬಲ್ಲ ಲೈಬ್ರರಿ ಹುಡುಕಬೇಕು ಎಂದು ಹೇಳಿ ಹೋದಳು.

ಮುಂದಿನ ಭಾನುವಾರ ಫೈಲ್ ತೆರೆಯಿತು. ಒಳಗಿದ್ದ ಒಂದೊಂದು ತುಣುಕಿಗೂ ದಿನೇಶ ಹೆಸರಿಟ್ಟಿದ್ದ: ಅಕ್ಕ ಊಟ, ಅಕ್ಕ ನೀರು. ಪೂರ್ಣಿಮಾ ಒಂದೊಂದನ್ನೇ ಕೇಳಿಸಿದಳು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ನನ್ನ ಸ್ವರ ಕೇಳಿ ನನ್ನವರು ಮುಖ ತಿರುಗಿಸಿಕೊಂಡು ಕನ್ನಡಕ ಒರೆಸಿದರು.

ಕೊನೆಯಲ್ಲಿ ಒಂದು ತುಣುಕಿತ್ತು, ಅಕ್ಕ ನಗು ಅಂತ. ಅದನ್ನು ಅವನು ಯಾವ ಬಟನ್ನಿಗೂ ಜೋಡಿಸಿರಲಿಲ್ಲ. ಕೇಳಿಸಿದಾಗ ಮೊದಲು ಬಂದದ್ದು ನನ್ನ ನಗು. ನಾನು ಹಾಗೆ ನಗುತ್ತಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ಅದರ ಹಿಂದೆಯೇ ದಿನೇಶನ ಸ್ವರ.

"ಅಕ್ಕ, ನಗ್ಬೇಡ ಮಾರಾಯ್ತಿ. ಇನ್ನೊಂದು ಸಲ ಹೇಳು."

ಪೂರ್ಣಿಮಾ, ಅವನ ಮಾತನ್ನು ಕತ್ತರಿಸಿ ನಿಮ್ಮ ಸ್ವರ ಮಾತ್ರ ಇಡಲೇ ಎಂದು ಮೆಲ್ಲಗೆ ಕೇಳಿದಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೇಡವೆಂದು ತಲೆಯಾಡಿಸಿದೆ. ಅವಳಿಗೆ ಅರ್ಥವಾಯಿತು.

ಈಗ ಎಲ್ಲವೂ ನನ್ನ ಮೊಬೈಲ್‌ನಲ್ಲಿದೆ. ಊಟಕ್ಕೆ ಕರೆಯಲು, ನೀರು ಕೇಳಲು ನನ್ನ ಸ್ವರ ಮತ್ತೆ ಸಿಕ್ಕಿದೆ. ಆ ಹುಡುಗಿಯ ಉಪಕಾರ ದೊಡ್ಡದು. ಆ ಕೊನೆಯ ತುಣುಕನ್ನು ಮಾತ್ರ, ಮನೆಯಲ್ಲಿ ಯಾರೂ ಇಲ್ಲದಾಗ ಕೇಳುತ್ತೇನೆ. ಮಾತು ಹೋದ ದುಃಖ ನನಗೆ ಹೆಚ್ಚುಕಡಿಮೆ ರೂಢಿಯಾಗಿದೆ. ಆದರೆ ಅವನು "ಅಕ್ಕ" ಎಂದಾಗ ಓಗೊಡಲು ಇವತ್ತಿಗೂ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.