ಮಂಗಲಾ ಮೌಶಿಯ ಎರಡು ಗ್ರಾಫಿಕ್ಸ್ ಕಾರ್ಡು

ಗಿರಣಿಯಿಂದ ಆಗಷ್ಟೇ ಬಂದ ಅಕ್ಕಿಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರೆ ನಿಮಗೆ ಏನು ನೆನಪಾಗುತ್ತದೆ? ಚಕ್ಕುಲಿ, ರೊಟ್ಟಿ, ತೀರಾ ಭಾವುಕರಾದರೆ ಅಜ್ಜಿ. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಮೊನ್ನೆ ಕಾರವಾರದ ಹಬ್ಬುವಾಡದ ನಮ್ಮ ಮನೆಯಲ್ಲಿ, ಮಗಳ ಮದುವೆಯ ಚಕ್ಕುಲಿಗೆಂದು ತಂದ ಬಿಸಿ ಹಿಟ್ಟಿನ ಮೇಲೆ ಮೂಗು ಚಾಚಿ, "ಆಹಾ, ಗ್ರಾಫಿಕ್ಸ್ ಕಾರ್ಡು!" ಎಂದುಬಿಟ್ಟೆ. ಹೆಂಡತಿ ಡಬ್ಬಿ ಕಸಿದುಕೊಂಡು, "ಹಿಟ್ಟಿನ ಮೇಲೆ ಉಸಿರು ಬಿಡೂದು ಬೇಡ" ಎಂದಳು. ಮದುವೆಮನೆಯ ಗಡಿಬಿಡಿಯಲ್ಲಿ ಗಂಡನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ವಿಚಾರಿಸಲು ಅವಳಿಗೆ ಪುರುಸೊತ್ತಿಲ್ಲ. ನಿಮಗೆ ಇದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಮಂಗಲಾ ಮೌಶಿ ನನ್ನ ಅಮ್ಮನ ತಂಗಿ. ಅಂಕೋಲೆಯ ಪೇಟೆಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಅವಳ ಸ್ಟುಡಿಯೋ. ಅದು ಮೊದಲು ಅವಳ ಗಂಡನದು, ಅಂದರೆ ನಮ್ಮ ಕಾಕಾನದು. ಕಾಕಾ ತೀರಿಕೊಂಡಾಗ ಬಂಧುಬಳಗವೆಲ್ಲ ಸೇರಿ, ಅಂಗಡಿ ಮಾರಿ ಆರಾಮಾಗಿ ಇದ್ದುಬಿಡು ಎಂದು ಉಪದೇಶ ಮಾಡಿತು. ಮೌಶಿ ಎಲ್ಲರಿಗೂ ಚಹ ಕೊಟ್ಟು ಕಳಿಸಿ, ಸ್ವಲ್ಪ ದಿನದಲ್ಲೇ ಯಾರದೋ ಮದುವೆಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಟಳು. ಅವಳು ಬಿ.ಎಸ್ಸಿ. ಓದಿದವಳು. ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದಳು. ಮದುವೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸಿ, ಹಾಡು ಸೇರಿಸಿ, ವಧೂವರರ ತಲೆಯ ಮೇಲೆ ಗುಲಾಬಿ ಸುರಿಸಿ ಕೊಡುವ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಿದ್ದರು. ಮೌಶಿಯ ಮಿಕ್ಸಿಂಗಿಗೆ ಕಾರವಾರದಿಂದಲೂ ಗಿರಾಕಿಗಳು ಬರುತ್ತಿದ್ದರು. ಅವಳ ವೀಡಿಯೋದಲ್ಲಿ ಬೀಗರು ಬಾಯಿ ತೆರೆದು ಊಟ ಮಾಡುವ ದೃಶ್ಯ ಇರುತ್ತಿರಲಿಲ್ಲ. ಇದು ಸಣ್ಣ ಉಪಕಾರವಲ್ಲ.

ಕ್ಯಾಸೆಟ್ಟು ಇನ್ನೂ ಹೋಗಿರದ, ಸೀಡಿ ಎಲ್ಲರ ಮನೆಗೂ ಬಂದಿರದ ಕಾಲ ಅದು. ಮೌಶಿಯ ಕಂಪ್ಯೂಟರಿನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳು. ಒಂದು, ಅವಳು ಕೆಲಸ ಮಾಡುವ ಮಾನಿಟರಿಗೆ ಚಿತ್ರ ಕೊಡುವುದು. ಇನ್ನೊಂದು, ಮಡಗಾಂವಿನಿಂದ ಹೊಸದಾಗಿ ತರಿಸಿದ್ದು, ತಯಾರಾದ ಮದುವೆಯನ್ನು ಟೀವಿಗೂ ಪಕ್ಕದ ರೆಕಾರ್ಡರಿಗೂ ಕಳಿಸುವುದು. ಮದುವೆ ಇತ್ತ ಟೀವಿಯಲ್ಲಿ ಓಡಬೇಕು, ಅತ್ತ ಕ್ಯಾಸೆಟ್ಟಿನಲ್ಲಿ ಇಳಿಯಬೇಕು. ಎರಡೂ ಕಾರ್ಡು ಒಟ್ಟಿಗೆ ದುಡಿದರೆ ಮಾತ್ರ ಅದು ಸಾಧ್ಯ. ಆದರೆ ಎರಡನ್ನೂ ಹಾಕಿದರೆ ಸಾಕು, ಸ್ವಲ್ಪ ಹೊತ್ತಿಗೆ ಚಿತ್ರ ನಡುಗಿ, ಎಲ್ಲ ಕಪ್ಪಾಗಿ, ಕಂಪ್ಯೂಟರ್ ತಾನೇ ಮತ್ತೆ ಶುರುವಾಗುತ್ತಿತ್ತು. ಒಂದೊಂದನ್ನೇ ಹಾಕಿದರೆ ಎರಡೂ ಚಿನ್ನದಂಥವು.

ಆಗ ನನಗೆ ಫೋನು ಬಂತು. ನಾನು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವನಾದ್ದರಿಂದ ನಮ್ಮ ಬಳಗದಲ್ಲಿ ಕಂಪ್ಯೂಟರ್ ಪಂಡಿತನೆಂದು ಹೆಸರಾಗಿತ್ತು. ಕಂಪ್ಯೂಟರಿನ ಮುಂದೆ ಕೂರುವುದಕ್ಕೂ ಅದರೊಳಗೆ ಏನಿದೆಯೆಂದು ತಿಳಿದಿರುವುದಕ್ಕೂ ಸಂಬಂಧವಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಹೆಸರು ತಾನಾಗಿ ಬಂದಾಗ ಯಾಕೆ ಬೇಡವೆನ್ನಬೇಕು? ರಜೆ ಹಾಕಿ ಅಂಕೋಲೆಯ ಬಸ್ಸು ಹತ್ತಿದೆ.

ಹೋದ ಮೇಲೆ ತಿಳಿಯಿತು, ಇದು ಬರೀ ಯಂತ್ರದ ತಂಟೆಯಲ್ಲ. ಕದ್ವಾಡದ ಯಶೋದಕ್ಕನ ಮಗಳು ಪ್ರೇಮಾಳ ಮದುವೆ ಆಗಷ್ಟೇ ಆಗಿತ್ತು. ಯಶೋದಕ್ಕನ ಗಂಡ ಹೋಗಿ ವರ್ಷಗಳಾಗಿದ್ದವು. ಗಂಡನಿಲ್ಲದ ಹೆಂಗಸು ಮಂಟಪದ ಹತ್ತಿರ ಬರಬಾರದು ಎಂಬುದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಮೈದುನ ಮತ್ತು ಅವನ ಹೆಂಡತಿ ಧಾರೆ ಎರೆದರು. ಹೆತ್ತವಳು ಹಿತ್ತಿಲ ಕಡೆ ಪಾಯಸದ ಹಂಡೆಯ ಹತ್ತಿರ ನಿಂತು, ವಾಲಗ ಜೋರಾದದ್ದು ಕೇಳಿ, ಈಗ ಧಾರೆ ಆಯಿತು ಎಂದುಕೊಂಡಳು. ಅವಳು ಮೌಶಿಯ ಹತ್ತಿರ ಕೇಳಿದ್ದು ಒಂದೇ. ಮಗಳು ಗಂಡನ ಜೊತೆ ವಿಶಾಖಪಟ್ಟಣಕ್ಕೆ ಹೋಗುವ ಮೊದಲು, ಅವಳ ಪಕ್ಕ ಕೂತು ಮದುವೆ ನೋಡಬೇಕು.

"ಕ್ಯಾಸೆಟ್ ಆಮೇಲೆ ಯಾವಾಗಾದ್ರೂ ಕೊಡ್ಬಹುದು ಅಲ್ವನಾ ಮೌಶಿ?" ಎಂದೆ.

"ಕ್ಯಾಸೆಟ್ ಸಿಗ್ತದೆ. ಮಗಳು ಸಿಗ್ತಾಳಾ?" ಎಂದಳು. "ಭಾನುವಾರ ಸಂಜೆ ರೈಲು. ಅಷ್ಟ್ರೊಳಗೆ ಆಗ್ಬೇಕು. ಸುಮ್ನೆ ಮಾತಾಡ್ಬೇಡ, ಕೂತ್ಕೊ."

ಅವತ್ತು ಶುಕ್ರವಾರ. ನಾನು ಕೂತೆ. ಎರಡು ಕಾರ್ಡುಗಳ ಡ್ರೈವರುಗಳು, ಅಂದರೆ ಅವನ್ನು ನಡೆಸುವ ತಂತ್ರಾಂಶಗಳು, ಒಂದಕ್ಕೊಂದು ಆಗಿಬರುತ್ತಿಲ್ಲ ಎಂದು ಗಂಭೀರವಾಗಿ ಹೇಳಿ, ಮದುವೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆ. ಅರ್ಧ ದಿನ ಹೋಯಿತು. ಚಿತ್ರ ನಡುಗಿತು, ಕಪ್ಪಾಯಿತು. ಮೌಶಿ ಬೈಯಲಿಲ್ಲ. "ಇವು ಓರಗಿತ್ತಿಯರ ಹಾಗೆ ಮಾರಾಯಾ" ಎಂದಳು. "ಒಬ್ಬೊಬ್ರೇ ಇದ್ರೆ ಬಂಗಾರ. ಒಂದೇ ಅಡಿಗೆಮನೆಗೆ ಹಾಕಿದ್ರೆ ರಾದ್ಧಾಂತ. ನೀನು ಮನೆಗೆ ಸುಣ್ಣ ಹೊಡ್ದೆ. ಸುಣ್ಣ ಹೊಡೆದ್ರೆ ಜಗಳ ನಿಲ್ತದಾ?"

ಆಮೇಲೆ ಅವಳೇ ಕೈಹಾಕಿದಳು. ನಾನು ಈಗಲೂ ಯಾವುದಾದರೂ ಕೆಟ್ಟರೆ ಅವಳು ಅಂದು ಕೂತಿದ್ದ ಭಂಗಿಯನ್ನೇ ನೆನೆಯುತ್ತೇನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕಂಪ್ಯೂಟರಿನ ಡಬ್ಬಿಯ ಪಕ್ಕೆಯ ಹಲಗೆ ಬಿಚ್ಚಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದಳು. ವಯರು ಬದಲಿಸಿ ನೋಡಿದಳು, ವಯರಿನ ತಪ್ಪಲ್ಲ. ಮಾನಿಟರ್ ಬದಲಿಸಿದಳು, ಅದರದ್ದೂ ಅಲ್ಲ. ನಾನು ಅವಸರಕ್ಕೆ ಎರಡು ಒಟ್ಟಿಗೆ ಬದಲಿಸೋಣ ಎಂದರೆ, "ಕಡೆಗೆ ಯಾವ್ದರಿಂದ ಗುಣ ಆಯ್ತು ಅಂತ ಹೇಳೂಕೆ ನಿಂಗೆ ಬತ್ತದಾ?" ಎಂದು ಕೈಗೆ ಹೊಡೆದಳು. ನಮ್ಮ ಕಡೆಯ ಉಪ್ಪುಗಾಳಿ ಯಾವ ಲೋಹವನ್ನೂ ಸುಮ್ಮನೆ ಬಿಡುವುದಿಲ್ಲವಲ್ಲ, ಅದಕ್ಕೆ ಕಾರ್ಡಿನ ಬಂಗಾರದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಸೀರೆಯ ತುದಿಯಿಂದ ಒರೆಸಿದಳು. ಬಿಸಿಯಾಗಿ ಸಾಯುತ್ತಿದೆಯೇನೋ ಎಂದು ಟೇಬಲ್ ಫ್ಯಾನನ್ನು ಡಬ್ಬಿಯ ಎದುರು ಇಟ್ಟಳು. ಮೇ ತಿಂಗಳ ಅಂಕೋಲೆಯ ಸೆಕೆಯಲ್ಲಿ ಫ್ಯಾನು ಕಂಪ್ಯೂಟರಿಗೆ, ಬೆವರು ನಮಗೆ. ಏನೂ ಆಗಲಿಲ್ಲ. ಅವಳ ಮುಖದಲ್ಲಿ ಬೇಸರವೂ ಕಾಣಲಿಲ್ಲ. ಪ್ರತಿ ಸಲ ಯಂತ್ರ ಸತ್ತಾಗಲೂ "ಇದೂ ಅಲ್ಲ" ಎಂದು ಸಮಾಧಾನದಿಂದ ಹೇಳುತ್ತಿದ್ದಳು, ಏನನ್ನೋ ಗಳಿಸಿದವಳ ಹಾಗೆ.

ಶನಿವಾರ ಮಧ್ಯಾಹ್ನ ಮದುವೆ ನಿಲ್ಲದೆ ಓಡತೊಡಗಿತು. ನಾನು ಊಟದ ಬಂಗಡೆ ಮೀನಿನ ಮುಳ್ಳು ಬಿಡಿಸುತ್ತ, ಬೆಳಿಗ್ಗೆ ನಾನು ಇನ್ನೊಮ್ಮೆ ಹಾಕಿದ ಡ್ರೈವರೇ ಕೆಲಸ ಮಾಡಿದ್ದು ಎಂದು ಸಾರಿದೆ. ಆಗ ಕೆಳಗೆ ಗಿರಣಿಯ ಬೊಮ್ಮಯ್ಯ ಊಟ ಮುಗಿಸಿ ಬಂದು ಮೋಟರು ಶುರು ಮಾಡಿದ. ನೆಲ ಸಣ್ಣಗೆ ಅದುರಿತು. ಟ್ಯೂಬ್‌ಲೈಟು ಒಮ್ಮೆ ಮಂಕಾಯಿತು. ಟೀವಿಯಲ್ಲಿ ಬಾಸಿಂಗ ಕಟ್ಟಿಕೊಂಡಿದ್ದ ವರ ಗಡಗಡ ನಡುಗಿ ಮಾಯವಾದ.

ಮೌಶಿ ಕಿಟಕಿಗೆ ಓಡಿದಳು. "ಬೊಮ್ಮಯ್ಯಾ, ಬಂದ್ ಮಾಡೋ!" ಬಂದ್ ಆಯಿತು. ಇಲ್ಲಿ ಮದುವೆ ಮತ್ತೆ ಶುರುವಾಯಿತು, ಚೆನ್ನಾಗಿ ಓಡಿತು. "ಈಗ ಚಾಲೂ ಮಾಡು!" ವರ ಮತ್ತೆ ಮಾಯ. "ಇನ್ನೊಂದ್ ಸಲ!" ಎಂದಳು. ನಾನು, ಗೊತ್ತಾಯ್ತಲ್ಲ ಸಾಕು ಎಂದೆ. "ಒಂದ್ ಸಲ ಆದದ್ದು ಯೋಗಾಯೋಗ ಇರ್ಬಹುದು" ಎಂದು ಇನ್ನೊಮ್ಮೆ ಮಾಡಿಸಿಯೇ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದ ಅವಳ ಮುಖ ನೋಡಬೇಕಿತ್ತು ನೀವು.

"ಓರಗಿತ್ತಿಯರು ಒಳ್ಳೆಯವರೇ. ಮನೇಲಿ ಉಣ್ಣೂಕೆ ಕಮ್ತಿ ಅದೆ."

ಅಷ್ಟೇ ವಿಷಯ. ಡಬ್ಬಿಯೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಒಂದು ಕಾರ್ಡಿನ ಸಂಸಾರಕ್ಕೆ ಸಾಕಾಗುವಂಥದ್ದು. ಕೆಳಗೆ ಗಿರಣಿ ಶುರುವಾಗಿ ವೋಲ್ಟೇಜು ಇಳಿದರೆ ಇಬ್ಬರಿಗೆ ಬಡಿಸಲು ಅದರ ಹತ್ತಿರ ಇರುತ್ತಿರಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಮುದಿಯಾಗಿ ಹೆಸರಿಗೆ ಮಾತ್ರ ಉಳಿದಿತ್ತು. ಕಾರವಾರಕ್ಕೆ ಫೋನು ಮಾಡಿದರೆ, ದೊಡ್ಡ ಪೆಟ್ಟಿಗೆ ಹುಬ್ಬಳ್ಳಿಯಿಂದ ಬರಬೇಕು, ಬುಧವಾರ ನೋಡುವಾ ಎಂದರು. ರೈಲು ಬುಧವಾರದವರೆಗೆ ಕಾಯುವುದಿಲ್ಲ. ಬೊಮ್ಮಯ್ಯ ಕತ್ತಲಾಗುವ ತನಕ ಗಿರಣಿ ನಿಲ್ಲಿಸುವವನಲ್ಲ. ರಾತ್ರಿ ಮಾಡೋಣವೆಂದು ಕೂತರೆ ಇಡೀ ಪೇಟೆಯ ಕರೆಂಟು ಹೋಗಿ ಬೆಳಗಿನ ತನಕ ಬರಲಿಲ್ಲ. ಮಳೆಗಾಲಕ್ಕೆ ಮೊದಲು ಹಿಟ್ಟು ಮಾಡಿಸಿಡುವ ದಿನಗಳು, ಜಗಲಿಯ ಮೇಲೆ ಹೆಂಗಸರ ಸಾಲು.

ಭಾನುವಾರ ಮಧ್ಯಾಹ್ನ ಯಶೋದಕ್ಕ ಮಗಳನ್ನು ಕರೆದುಕೊಂಡು ಬಂದೇಬಿಟ್ಟಳು. ಅಳಿಯ ರೈಲಿನ ಸಾಮಾನು ಕಟ್ಟುತ್ತಿದ್ದಾನಂತೆ. ಮೌಶಿ ಅವರನ್ನು ಮೇಲೆ ಕೂರಿಸಿ ನನ್ನನ್ನು ಎಳೆದುಕೊಂಡು ಕೆಳಗಿಳಿದಳು.

"ಬೊಮ್ಮಯ್ಯಾ, ಮದುವೆ ಮುಗಿಯೂ ತನಕ ಗಿರಣಿ ಬಂದ್ ಇಡ್ಬೇಕು."

"ನಿನ್ನ ಕಂಪ್ಯೂಟರಿನ ಸಲುವಾಗಿ? ಇಷ್ಟು ಜನ ಕಾಯ್ತಿದ್ರು, ಕಾಣ್ತಿಲ್ವಾ ಮಂಗಲಕ್ಕಾ?"

ಮೌಶಿ ಬೊಮ್ಮಯ್ಯನಿಗೆ ಹೇಳುವ ನೆವದಲ್ಲಿ ಇಡೀ ಜಗಲಿಗೆ ಕೇಳುವಂತೆ ವಿಷಯ ಹೇಳಿದಳು. ಹೆತ್ತವಳು ಧಾರೆ ನೋಡಿಲ್ಲ, ಮಗಳು ಸಂಜೆ ಹೊರಡುತ್ತಾಳೆ. ಬಾಳೆಗುಳಿಯಿಂದ ಬಂದಿದ್ದ ದೇವಮ್ಮ ಎಂಬ ಮುದುಕಿ ಎದ್ದು ತನ್ನ ಅಕ್ಕಿಬುಟ್ಟಿ ಸೊಂಟಕ್ಕಿಟ್ಟುಕೊಂಡು, "ಬಂದ್ ಮಾಡೋ ತಮ್ಮಾ. ಹಿಟ್ಟು ಸಂಜೆಗಾದ್ರೂ ಆಗ್ತದೆ. ನಾವೂ ಮದುವೆ ನೋಡ್ತ್ರು" ಎಂದಳು. ಅವಳ ಹಿಂದೆ ಎಲ್ಲರೂ ಬುಟ್ಟಿಗಳ ಸಮೇತ ಮಾಳಿಗೆ ಹತ್ತಿದರು. ಬುಟ್ಟಿ ಬಿಟ್ಟು ಬಂದರೆ ಜಗಲಿಯ ಕೋಳಿಗಳಿಗೆ ಹಬ್ಬ. ಬೊಮ್ಮಯ್ಯ ಗೊಣಗುತ್ತ ಮೋಟರು ಆರಿಸಿ, ತಾನೂ ಬಂದು ಬಾಗಿಲಲ್ಲಿ ನಿಂತ.

ಮೌಶಿ ರೆಕಾರ್ಡರ್ ಒತ್ತಿ, ಮೌಸು ಒತ್ತಿ, "ಇನ್ನು ಮುಗಿಯೂ ತನಕ ಯಾರೂ ಇದ್ನ ಮುಟ್ಟೂಕಿಲ್ಲ. ನಡುವೆ ಮುಟ್ಟಿದ್ರೆ ಏನಾಗ್ತದೆ ಅಂತ ನಂಗೂ ಗೊತ್ತಿಲ್ಲ" ಎಂದಳು. ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಚಪ್ಪರ ಬಂತು, ನೆಂಟರು ಬಂದರು. ಪ್ರೇಮಾ ತಾಯಿಯ ಕಿವಿಯಲ್ಲಿ ಹೇಳುತ್ತ, ನಗುತ್ತ ಇದ್ದಳು. ಯಾರ ಸೀರೆ ಯಾವುದು ಎಂದು ಹೆಂಗಸರು ವಿಚಾರಿಸಿಕೊಂಡರು. ಎರಡೂ ಕಾರ್ಡು ತಣ್ಣಗೆ ದುಡಿಯುತ್ತಿದ್ದವು.

ಧಾರೆಯ ಹೊತ್ತು ಬಂತು. ಮೈದುನ ಕಲಶ ಕೈಗೆತ್ತಿಕೊಂಡ. ಆಗ ಯಶೋದಕ್ಕ ಎದ್ದಳು. ಎದ್ದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಬಾಗಿಲ ಆಚೆ ನಿಂತಳು. ನೀರು ಕುಡಿಯಲು ಹೋದಳೇನೋ ಎಂದು ನಾನು ತಿಳಿದೆ.

"ಯಶೋದಾ, ಎಲ್ಲಿಗೆ ಹೋದ್ರಿ?" ಎಂದಳು ಮೌಶಿ.

"ಇಲ್ಲೇ ನಿಂತೆ ಮಂಗಲಕ್ಕಾ. ಧಾರೆ ಆಗ್ಲಿ, ಬತ್ತೆ."

"ಧಾರೆ ಅವತ್ತೇ ಆಯ್ತಲ್ರೀ. ಇದು ಟೀವಿ."

"ಟೀವಿ ಆದ್ರೂ... ಯಾಕೆ ಸುಮ್ನೆ. ಅವಳಿಗೆ ಒಳ್ಳೇದಾಗ್ಲಿ."

ಟೀವಿಯಲ್ಲಿ ವಾಲಗ ಜೋರಾಯಿತು. ಪ್ರೇಮಾ ಸೆರಗು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ನಾನು ಮೌಶಿಯನ್ನು ನೋಡಿದೆ. ಮೂರು ದಿನದಿಂದ ಈ ಯಂತ್ರ ನಿಲ್ಲಬಾರದೆಂದು ಒದ್ದಾಡಿದವಳು, ಊರ ಗಿರಣಿಯನ್ನೇ ನಿಲ್ಲಿಸಿದವಳು, ಮುಂದೆ ಬಾಗಿ ತಾನೇ ಅದನ್ನು ನಿಲ್ಲಿಸಿದಳು. ಚಿತ್ರ ನಡುಗಿತು. ಆದರೆ ಕಪ್ಪಾಗಲಿಲ್ಲ.

ಮೌಶಿ ಎದ್ದು ಹೋಗಿ ಯಶೋದಕ್ಕನ ಕೈ ಹಿಡಿದು ಕರೆತಂದು ಮಗಳ ಪಕ್ಕ, ಎಲ್ಲರಿಗಿಂತ ಮುಂದೆ ಕೂರಿಸಿದಳು. "ಇದು ನನ್ನ ಮನೆ. ಇಲ್ಲಿ ಯಾರೂ ಬಾಗಿಲ ಹಿಂದೆ ನಿಲ್ಲೂಕಿಲ್ಲ" ಎಂದಳು. ಮದುವೆಯನ್ನು ಹಿಂದಕ್ಕೆ ಒಯ್ದು ಕಲಶ ಎತ್ತುವಲ್ಲಿಂದ ಮತ್ತೆ ಬಿಟ್ಟಳು. ನೀರು ಬಿದ್ದಾಗ ದೇವಮ್ಮ ತನ್ನ ಬುಟ್ಟಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಯಶೋದಕ್ಕನ ಬೊಗಸೆಗೆ ಹಾಕಿದಳು. "ಹಾಕು ತಂಗಿ, ಮಗಳ ತಲೆ ಮೇಲೆ ಹಾಕು."

ಯಶೋದಕ್ಕ ಸುತ್ತ ಒಮ್ಮೆ ನೋಡಿದಳು. ಆಮೇಲೆ ಹಾಕಿದಳು. ಎಲ್ಲ ಬುಟ್ಟಿಗಳಿಂದಲೂ ಅಕ್ಕಿ ಹಾರಿತು. ಪ್ರೇಮಾಳ ತಲೆಯ ಮೇಲೆ, ತಾಯಿಯ ತಲೆಯ ಮೇಲೆ, ಬಾಗಿಲಲ್ಲಿದ್ದ ಬೊಮ್ಮಯ್ಯನ ಮೇಲೆ. ಪಕ್ಕೆ ತೆರೆದೇ ಇದ್ದ ಕಂಪ್ಯೂಟರಿನೊಳಗೆ ಬಿದ್ದ ಕಾಳುಗಳು ಎರಡೂ ಕಾರ್ಡುಗಳ ಮೇಲೆ ಟಪಟಪ ಸದ್ದು ಮಾಡಿದವು. ನಾನು "ಅಯ್ಯೋ" ಎಂದು ಕೈ ಚಾಚಿದೆ. ಮೌಶಿ ನನ್ನ ಕೈ ತಡೆದಳು. ಅವಳ ಕಣ್ಣಲ್ಲಿ ನೀರಿತ್ತು. ಮದುವೆ ಕೊನೆಯವರೆಗೂ ಓಡಿತು. ಧಾರೆ ಎರಡು ಸಲ ಬರುವ ಆ ಕ್ಯಾಸೆಟ್ಟು ಅಂದೇ ಸಂಜೆ ರೈಲು ಹತ್ತಿತು.

ಇಷ್ಟು ನೆನೆದು ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಚಕ್ಕುಲಿ ಹಿಟ್ಟು ಕಲಸುತ್ತಿದ್ದಳು. ಮೌಶಿಗೆ ಆಮಂತ್ರಣ ಕೊಟ್ಟಾಗಿತ್ತು. ಎಲ್ಲರಿಗೂ ಹೇಳುವ ಹಾಗೆ, ಎರಡು ದಿನ ಮೊದಲೇ ಬಾ ಎಂದು ಹೇಳಿಯೂ ಆಗಿತ್ತು. ನಾನು ಇಷ್ಟು ಮೆಚ್ಚುವ ಮೌಶಿಯೂ ಗಂಡನಿಲ್ಲದವಳೇ, ಮದುವೆಯ ದಿನ ಅವಳು ಎಲ್ಲಿ ನಿಲ್ಲುತ್ತಾಳೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ, "ಮತ್ತೆ ಕೂತ್ರಿ ಯಾಕೆ, ಫೋನ್ ಮಾಡಿ" ಎಂದಳು. ಮಾಡಿದೆ.

"ಮೌಶಿ, ಧಾರೆ ಹೊತ್ತಿಗೆ ನೀನು ಮಂಟಪದಲ್ಲಿ ನಮ್ಮ ಪಕ್ಕದಲ್ಲೇ ಇರ್ಬೇಕು."

"ಯಾಕೆ, ವೀಡಿಯೋದವ ಬತ್ತಿಲ್ವಾ?" ಎಂದು ಕೇಳಿದಳು.

"ಬತ್ತಾನೆ. ನೀನು ಸುಮ್ನೆ ನಿಲ್ಲೂಕೆ."

ಅವಳು, ಡಬ್ಬಿ ಬಿಚ್ಚಿ ಕೂತಾಗ ಕೇಳುತ್ತಿದ್ದಷ್ಟೇ ಗಂಭೀರವಾಗಿ ಕೇಳಿದಳು. "ಕ್ಯಾಮೆರಾ ಇಲ್ದೆ ನಾನು ಅಲ್ಲಿ ನಿಂತದ್ದೇ ಇಲ್ಲ ಮಾರಾಯಾ. ಕೈ ಎಲ್ಲಿ ಇಟ್ಕೊಳ್ಳೂದು?"

"ಅಕ್ಷತೆ ಹಿಡ್ಕೊಂಡ್ರೆ ಆಯ್ತು, ಮೌಶಿ" ಎಂದೆ.

"ಹಾಗಾದ್ರೆ ಅಕ್ಕಿ ನಾನೇ ತರ್ತೆ" ಎಂದಳು.