ಹಸಿ ಗೋಂದಿನ ಮೇಲೆ ಹಾಳೆ

ಜನ್ನಾಪುರದ ನಮ್ಮ ಪಕ್ಕದ ಮನೆಯ ಯಶೋಧರಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನ ಪ್ಯಾಕೆಟ್ಟನ್ನು ಅಲ್ಲಾಡಿಸಿ ನೋಡದೆ ಒಳಗೆ ಒಯ್ಯುವವರಲ್ಲ. ಗ್ಯಾಸ್ ಸಿಲಿಂಡರನ್ನು ತಂದವನ ಕೈಯಲ್ಲೇ ಎರಡು ಸಲ ತೂಗಿಸುವವರು. ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ಅನುಮಾನ ನನ್ನ ಮೇಲೆ ತಿರುಗುವವರೆಗೆ.

ಮನೆಯಲ್ಲೇ ಕೂತು ಅವರು ಮಾಡುವುದು ರಬ್ಬರ್ ಅಚ್ಚುಗಳ ಕೆಲಸ. ಶಿವಮೊಗ್ಗದಲ್ಲಿ ಕರಕುಶಲ ಸಾಮಾನಿನ ಅಂಗಡಿ ಇಟ್ಟಿರುವ ಮೇಧಾ, ಬಣ್ಣ ಹಚ್ಚಿ ಕಾಗದಕ್ಕೆ ಒತ್ತುವ ಹೂವು, ಎಲೆ, ಗಿಳಿಯ ಅಚ್ಚುಗಳನ್ನು ಕಳಿಸುತ್ತಾಳೆ. ಯಶೋಧರಕ್ಕ ಅವುಗಳ ಬೆನ್ನಿಗೆ, ಒಣಗಿದ ಮೇಲೂ ಜಿಗುಟು ಉಳಿಯುವ ಬಿಳಿ ಗೋಂದು ಸವರಿ, ಒಣಗಿಸಿ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಕೊಡಬೇಕು. ಕೊಂಡವರು ಬೇಕಾದಾಗ ಅಚ್ಚನ್ನು ಹಾಳೆಯಿಂದ ಕಿತ್ತು ಬಳಸಿ, ಮತ್ತೆ ಅಲ್ಲಿಗೇ ಅಂಟಿಸಿಡುತ್ತಾರೆ. ಎಷ್ಟು ಸಲ ಕಿತ್ತರೂ ಅಂಟು ಹೋಗದು.

ಕಳೆದ ತಿಂಗಳು ಮೇಧಾ ಫೋನ್ ಮಾಡಿ, ನಲವತ್ತು ಅಚ್ಚುಗಳು ಹಾಳೆಯನ್ನು ಬಿಟ್ಟು ಬರುತ್ತಿಲ್ಲ, ಹೀಗೇ ಆದರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದಳಂತೆ. ಗಂಡ ತೀರಿಕೊಂಡು ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸ್ ಬಿಟ್ಟು ಬಂದ ಮೇಲೆ ಯಶೋಧರಕ್ಕನ ಕೈಗೆ ಸಿಕ್ಕ ಒಂದೇ ಕೆಲಸ ಅದು. ಯಾರೋ ಬಾಟಲಿಗೆ ಬೇರೆ ಗೋಂದು ಬೆರೆಸಿದ್ದಾರೆ ಎಂದು ತೀರ್ಮಾನಿಸಿದರು. ಅವರ ಲೆಕ್ಕದಲ್ಲಿ ಆ ಯಾರೋ ನಾನೇ. ದಿನಾ ಹನ್ನೊಂದಕ್ಕೆ ಕರಿಬೇವಿಗೆಂದು ಹೋಗುವವಳು. ಒಮ್ಮೆ, ನನಗೂ ಕಲಿಸಿಕೊಡಿ ಎಂದು ಬೇರೆ ಕೇಳಿದ್ದೆ. ಬಾಟಲಿಯ ಮೇಲೆ ಗೋಂದಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆದರೂ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ.

ಮೊನ್ನೆ ಮೇಧಾಳೇ ಬಂದು ಕೆಲಸ ನೋಡುತ್ತ ಕೂತಿದ್ದಳು. ನಾನು ಗೇಟು ತೆಗೆದ ಸದ್ದಿಗೆ ಯಶೋಧರಕ್ಕ, ಆಗ ತಾನೇ ಗೋಂದು ಸವರಿದ್ದ ಅಚ್ಚುಗಳ ಮೇಲೆ ಹಾಳೆ ಎಳೆದು ಅಂಗೈಯಿಂದ ಒತ್ತಿಬಿಟ್ಟರು.

“ದಿನಾ ಹೀಗೇ ಮುಚ್ತೀರಾ ಅಕ್ಕ?” ಎಂದಳು ಮೇಧಾ.

“ಮತ್ತೆ? ಈ ಸುಮನಾ ಕಲಿಸಿಕೊಡಿ ಅಂದಾಗಿಂದ ಮುಚ್ತಾನೇ ಇದ್ದೀನಿ. ಇವಳು ಬಂದ್ರೆ ಮುಚ್ಚದೆ ಇರೋಕಾಗುತ್ತಾ?”

“ಒಣಗಿದ ಮೇಲೆ ಹಾಳೆ ಇಟ್ರೆ ಬಿಟ್ಕೊಳ್ಳುತ್ತೆ. ಹಸೀಲಿ ಇಟ್ರೆ ಅಲ್ಲೇ ಕಚ್ಕೊಂಡುಬಿಡುತ್ತೆ,” ಎಂದಳು ಅವಳು.

ಯಶೋಧರಕ್ಕ ಕಪಾಟಿನಿಂದ ಹಿಂದಿನ ದಿನದ ಹಾಳೆ ತಂದು ಒಂದು ಗಿಳಿಯನ್ನು ಎಳೆದರು. ಬಾಲ ಹಾಳೆಯಲ್ಲೇ ಉಳಿಯಿತು. ಅದೂ ನಾನು ಬಂದಾಗ ಮುಚ್ಚಿದ್ದೇ. ಮೇಧಾ, ಇನ್ನೊಂದು ತಿಂಗಳು ನೋಡೋಣ ಎಂದು ಹೇಳಿ ಹೊರಟಳು.

ಮಾರನೆಯ ದಿನ ಹನ್ನೊಂದಕ್ಕೆ ಹೋದಾಗ ಅಚ್ಚಿನ ತಟ್ಟೆ ತೆರೆದೇ ಇತ್ತು. ನನಗೊಂದು ಕುರ್ಚಿ ಹಾಕಿದ್ದರು, ತಟ್ಟೆಯಿಂದ ಒಂದು ಮಾರು ದೂರಕ್ಕೆ.

“ಒಣಗೋವರೆಗೂ ಇಲ್ಲೇ ಕೂತಿರು ಮಾರಾಯ್ತಿ,” ಎಂದರು. “ಕಣ್ಣೆದುರಿಗೇ ಇರ್ತೀಯ.”

ಕೂತೆ. ಗೋಂದು ಒಣಗಿ ಬಿಳುಪು ಹೋಗುವಷ್ಟರಲ್ಲಿ ಇಬ್ಬರದೂ ಒಂದೊಂದು ಲೋಟ ಕಾಫಿ ಆಯಿತು.