ವಿಮಾನದವನಿಗೆ ಕೊಂಬಿನ ಕ್ಲಿಪ್ಪು

ಆ ದಿನ ಬೆಳಗ್ಗೆ ಅಂಗಳ ಗುಡಿಸಿದೆ, ನೀರಿನ ಹಂಡೆಯಿಂದ ಕಂಬಳಿಹುಳ ಆಯ್ದು ಬಿಸಾಡಿದೆ, ಒದರಿದ ಚಾಪೆಯನ್ನೇ ಮತ್ತೆ ಒದರಿದೆ, ರಾಗಿ ಬೀಸಿದೆ, ಸಾರಿಗೆ ಹುರುಳಿ ನೆನೆಹಾಕಿದೆ. ಅಷ್ಟರಲ್ಲಿ ನಮ್ಮ ಮಾವ ಕುರಿರೊಪ್ಪದಿಂದ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರ ಹೆಬ್ಬೆರಳ ಉಗುರು ಕುರಿಯ ಗೊರಸಿನಂತೆ ದಪ್ಪಗೆ, ಹಳದಿಯಾಗಿ ಬೆಳೆದಿತ್ತು. ಅದರಲ್ಲೇ ಹಲ್ಲು ಕೆದಕುವರು, ಅದರಲ್ಲೇ ಕುರಿಯ ಮೈಯ ಉಣುಗು ಕೀಳುವರು. ಅದನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ಕೊಡಿಗೇನಹಳ್ಳಿ ಸುತ್ತಿನ ಕಡಲೆಕಾಯಿ ಹೊಲಗಳಿಗೆಲ್ಲ ಹುಳ ಬಿದ್ದು, ಔಷಧಿ ಹೊಡೆಯಲು ಪುಟ್ಟದೊಂದು ವಿಮಾನ ನಮ್ಮ ಒಣಗಿದ ಕೆರೆಯಂಗಳದಲ್ಲಿ ಇಳಿದಿತ್ತು. ಊರಲ್ಲಿ ಎಲೆ ಉಳಿದಿದ್ದು ನಮ್ಮ ಹೊಲದಲ್ಲಿ ಮಾತ್ರ. ಅದೂ ಸಂಜೆಯೊಳಗೆ ಬರೀ ಕಡ್ಡಿಯಾಗುವಂತಿತ್ತು. ಆದರೆ ನಮ್ಮ ಜಗಲಿಯ ಮೇಲೆ ಬಂದು ಕೂತಿದ್ದ ಪೈಲಟ್ಟು ಹೊರಡಲೊಲ್ಲ. ಸೊಂಟಕ್ಕೆ ಸಿಕ್ಕಿಸುವ ವಾಕಿಟಾಕಿಯ ಕ್ಲಿಪ್ಪು ಮುರಿದಿತ್ತು. ಹಾರುವಾಗ ಅದು ಜಾರಿ ಕಾಲಡಿಯ ಪೆಡಲಿಗೆ ಸಿಕ್ಕಿಕೊಂಡರೆ ತಾನೂ ಇಲ್ಲ, ವಿಮಾನವೂ ಇಲ್ಲ ಎಂದ.

ಮಾವ ಟಗರಿನ ಕೊಂಬು ಸೀಳಿ ತಂದು ನನ್ನ ಸಾರಿನ ಪಾತ್ರೆಯಲ್ಲಿ ಕುದಿಯಲಿಟ್ಟರು. ಕೂದಲು ಸುಟ್ಟಂಥ ನಾತ ಮನೆಯೆಲ್ಲ ತುಂಬಿತು.

"ಮಾವ, ಅದು ಸಾರಿನ ಪಾತ್ರೆ."

"ಬೆಂಕಿಗೇನ್ ಗೊತ್ತು ಕಣಮ್ಮ, ಸಾರೋ ಕೊಂಬೋ."

ಮೆತ್ತಗಾದ ಸೀಳನ್ನು ಬಗ್ಗಿಸಿ, ತಣ್ಣೀರಲ್ಲಿ ಅದ್ದಿ, ಕಾದ ದಬ್ಬಳದಿಂದ ತೂತು ಸುಟ್ಟು, ಹಳೆಯ ಸ್ಕ್ರೂಗಳನ್ನು ಆ ಉಗುರಿನಿಂದಲೇ ತಿರುಗಿಸಿ ವಾಕಿಟಾಕಿಗೆ ಬಿಗಿದರು. ಉಗುಳು ಹಚ್ಚಿ ಹೊಳಪು ಕೊಟ್ಟರು. ಪೈಲಟ್ಟು ಎರಡೇ ಬೆರಳಲ್ಲಿ ಹಿಡಿದುಕೊಂಡು ಮುಖ ಕಿವಿಚಿದ. ಬೆಲ್ಟಿಗೆ ಸಿಕ್ಕಿಸಹೋದರೆ ದಪ್ಪ ಬೆಲ್ಟು ಒಳಗೆ ಹೋಗಲಿಲ್ಲ. ಮಾವ ಜನ್ಮದಲ್ಲಿ ಬೆಲ್ಟು ಕಟ್ಟಿದವರಲ್ಲ. ತಮ್ಮ ಉಡಿದಾರದ ಅಳತೆಗೆ ಸಂದು ಬಿಟ್ಟಿದ್ದರು.

"ಇನ್ನೊಂದ್ ಮಾಡೋ ಹೊತ್ಗೆ ಹುಳ ಹೊಲ ಮೇಯ್ದ್ಬುಟ್ಟಿರ್ತವೆ," ಎಂದರು ಅತ್ತೆ.

ಮಾವ ಪಂಚೆಯೊಳಗೆ ಕೈಹಾಕಿ ಉಡಿದಾರವನ್ನೇ ಬಿಚ್ಚಿದರು. ಕರಿಯ ಉಣ್ಣೆಯ ಹುರಿ, ವರ್ಷಗಳ ಬೆವರು ಕುಡಿದು ಜಿಡ್ಡುಗಟ್ಟಿತ್ತು. ನಮ್ಮಲ್ಲಿ ಗಂಡಸಿನ ಸೊಂಟದಿಂದ ಅದನ್ನು ತೆಗೆಯುವುದು ಹೆಣವಾದ ಮೇಲೆಯೇ.

"ಕಟ್ಕೊ ಅದ್ನ. ನನ್ ಕುಂಕುಮ ಇನ್ನೂ ಹಣೇಲೈತೆ," ಎಂದರು ಅತ್ತೆ.

"ಹೊಲಾನೂ ಇರ್ಲಿ ಕಣೆ," ಎಂದವರೇ ಮಾವ ಅದನ್ನು ಪೈಲಟ್ಟಿನ ಪ್ಯಾಂಟಿನ ಮೇಲೆ ಬಿಗಿದರು.

"ಅಜ್ಜ, ಇದನ್ನ ತೊಳೆದಿದ್ದು ಯಾವಾಗ?"

"ಮಳೆ ಬಂದಾಗ ಕಣಪ್ಪ."

ವಾಕಿಟಾಕಿ ಅಲುಗದೆ ನಿಂತಿತು. ವಿಮಾನ ನಮ್ಮ ಹೊಲದ ಮೇಲೆ ಹೋಗಿ ಬಂದು ಔಷಧಿ ಚೆಲ್ಲಿ, ಉಡಿದಾರದ ಸಮೇತ ಮಿಡಿಗೇಶಿ ಕಡೆಗೆ ಹೊರಟೇಹೋಯಿತು. ಕೌಪೀನಕ್ಕೆ ಆಧಾರ ತಪ್ಪಿದ ಮಾವ ಸಂಜೆಯವರೆಗೆ ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಓಡಾಡಿದರು. ಮುಂದಿನ ವರ್ಷ ಊರವರೆಲ್ಲ ಬಿತ್ತಿದ್ದು ಆ ಹೊಲದ ಬೀಜವನ್ನೇ. ಮಾವ ತೀರಿಕೊಂಡು ಬಹಳ ಕಾಲವಾಯಿತು. ಅವರ ಋಣ ನೆನೆದಾಗಲೂ ನನ್ನ ಮೂಗಿಗೆ ಮೊದಲು ಬರುವುದು ಆ ಕೊಂಬಿನ ನಾತವೇ.

ಆ ರಾತ್ರಿ ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿದ ಅದೇ ಪಾತ್ರೆಯಲ್ಲಿ ಮಾಡಿದ ಹುರುಳಿಸಾರು, ಮುದ್ದೆ ಉಂಡೆವು. ಮಾವ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಅತ್ತೆ ಪಕ್ಕದಲ್ಲಿ ಕೂತು ಕರಿಯುಣ್ಣೆ ಹೊಸೆದರು. ಗೊರಕೆ ಹೊಡೆಯುತ್ತಿದ್ದ ಗಂಡನ ಸೊಂಟಕ್ಕೆ ಅದನ್ನು ಸುತ್ತಿ, ಗಂಟು ಹಾಕಿ, ಜಗ್ಗಿ ನೋಡಿ, ಆಮೇಲೆ ತಾವೂ ಮಲಗಿದರು.